ಹೊಳೆವ್ವನಿಗೆ ಬಂದ ಮುಖ

ಆಗಸ್ಟ್ 30, ಶನಿವಾರ, ಅಫಜಲಪುರ

ಮೊದಲಿಗೆ ಸಾರಿ. ಈ ನೋಟ್‌ಬುಕ್ಕನ್ನು ಅಪ್ಪ ಕೊಡಿಸಿದ್ದು ಸೈಕಾಲಜಿ ನೋಟ್ಸ್ ಬರೆದುಕೊಳ್ಳಲಿ ಎಂದು, ಹೊಟ್ಟೆಕಿಚ್ಚು ಬರೆದಿಡಲಿ ಎಂದಲ್ಲ. ಯಾರಿಗೆ ಸಾರಿ ಕೇಳುತ್ತಿದ್ದೇನೋ ಅದೂ ಗೊತ್ತಿಲ್ಲ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವರಿಗೆ ಬಾಗಿಲು ತಳ್ಳುವ ಮೊದಲೇ ಸಾರಿ ಅನ್ನುವುದು ಹ್ಯಾಬಿಟ್ ಆಗಿರುತ್ತದೆ.

ಇವತ್ತು ಅಂಗಡಿಯಲ್ಲಿ ನೋಡಿದ್ದನ್ನು ಯಾರಿಗೂ ಹೇಳುವಂತಿಲ್ಲ. ಹೇಳದಿದ್ದರೆ ಎದೆ ಉರಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಪತ್ತಾರ, ಅಂದರೆ ಅಕ್ಕಸಾಲಿಗ. ಬಂಗಾರಕ್ಕಿಂತ ಬೆಳ್ಳಿಯಲ್ಲಿ ವಿಶ್ವಾರಾಧ್ಯನ ಕೈ ಚಂದ ಎಂದು ಬಜಾರಿನಲ್ಲಿ ಹೇಳುತ್ತಾರೆ. ಭೀಮಾ ದಂಡೆಯ ಒಂದು ಊರಿನವರು ತಮ್ಮ ಊರದೇವತೆ ಹೊಳೆವ್ವನಿಗೆ ಹೊಸ ಬೆಳ್ಳಿ ಮುಖ ಮಾಡಲು ಕೊಟ್ಟಿದ್ದಾರೆ. ಹಳೆಯದು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಮೂಗು ಸವೆದು ಬರೀ ತಗಡಾಗಿದೆಯಂತೆ. ನವರಾತ್ರಿಗೆ ಹೊಸ ಮುಖ ಏರಬೇಕು.

ನಾನು ಕಡಗಂಚಿಯ ಯೂನಿವರ್ಸಿಟಿಯಿಂದ ಬಂದು ಬ್ಯಾಗ್ ಕೂಡ ಇಳಿಸಿರಲಿಲ್ಲ. ಅಪ್ಪ ಅರಗಿನಿಂದ ತಗಡು ಬಿಡಿಸುತ್ತಿದ್ದ. ಈ ಕೆಲಸವೆಲ್ಲ ಹಿಂದಿನಿಂದ ಆಗುವಂಥದ್ದು. ಬಿಸಿ ಅರಗಿನ ಮೇಲೆ ಬೆಳ್ಳಿ ತಗಡನ್ನು ಬೋರಲಾಗಿ ಕೂರಿಸಿ, ಬೆನ್ನ ಮೇಲೆ ಬಡಿಯುತ್ತಾ ಹೋಗಬೇಕು. ಮೂಗು ಬೇಕಿದ್ದರೆ ಹಿಂದೆ ತಗ್ಗು ಮಾಡಬೇಕು. ಬಡಿಯುವವನಿಗೆ ತಗ್ಗು ಮಾತ್ರ ಕಾಣುತ್ತದೆ, ಮುಖ ಕಾಣುವುದಿಲ್ಲ. ಅಪ್ಪ ತಗಡು ಬಿಡಿಸಿ, ಅರಗು ಒರೆಸಿ, ತಿರುಗಿಸಿದ.

ಮಹೆಕ.

ಕಣ್ಣುಗಳ ನಡುವಿನ ಅಂತರ ಅವಳದು. ನಗದಿದ್ದರೂ ನಗುವಂತೆ ಕಾಣುವ ಮೇಲ್ದುಟಿ ಅವಳದು. ಗದ್ದ ಸ್ವಲ್ಪ ಮುಂದೆ ಬಂದಿರುವುದು ಕೂಡ. "ಹ್ಯಾಂಗಾಗ್ಯದ?" ಎಂದು ಅಪ್ಪ ಕೇಳಿದ. ಚೆನ್ನಾಗಿದೆ ಎಂದೆ. ಅವನಿಗೆ ಗೊತ್ತಿಲ್ಲ. ನಿಜವಾಗಿಯೂ ಗೊತ್ತಿಲ್ಲ. ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

ಆಗಸ್ಟ್ 31, ರವಿವಾರ

ಮಹೆಕ ಯಾರು ಎಂದು ನನಗೆ ನಾನೇ ಬರೆದುಕೊಳ್ಳುವ ಅವಶ್ಯಕತೆ ಇಲ್ಲ. ಆದರೂ ಬರೆಯುತ್ತೇನೆ. ಎದುರು ಮನೆ ಪ್ಯಾರಿಬಿ ಖಾಲಾನ ಮಗಳು. ನನ್ನದೇ ವಯಸ್ಸು. ಅವರ ಮನೆತನದ್ದು ಪೋಣಿಸುವ ಕೆಲಸ. ಊರಿನ ಪತ್ತಾರರು ಮಾಡಿದ ತಾಳಿ, ಗುಂಡುಗಳನ್ನೆಲ್ಲ ಕರಿಮಣಿ ಜೊತೆ ಪೋಣಿಸಿ ಕೊಡುವವರು ಅವರು. ಮಹೆಕ ಹತ್ತನೇ ಕ್ಲಾಸ್ ಮುಗಿಸಿದ ಮೇಲೆ ನಮ್ಮ ಅಂಗಡಿಯ ಬಾಗಿಲಲ್ಲಿ, ಬೆಳಕು ಬೀಳುವ ಕಡೆ ಮಣೆ ಹಾಕಿಕೊಂಡು ಕೂತು ಪೋಣಿಸುತ್ತಾಳೆ. ಅದಕ್ಕೂ ಮೊದಲು, ಶಾಲೆ ಬಿಟ್ಟ ಮೇಲೆ ಬಂದು ಅಲ್ಲೇ ಕೂರುತ್ತಿದ್ದಳು. ಅಪ್ಪ ತಲೆ ಎತ್ತಿದಾಗಲೆಲ್ಲ ಕಾಣುವುದು ಅವಳೇ.

ಅದು ನನ್ನ ಜಾಗ. ಹತ್ತು ವರ್ಷದವಳಿದ್ದಾಗ ಆ ಮಣೆಯ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದವಳು ನಾನು. ಮಗಳು ಇಂಗ್ಲಿಷ್ ಕಲಿಯಲಿ ಎಂದು ಕಲಬುರಗಿಗೆ, ಚರ್ಚಿನ ಸಿಸ್ಟರ್‌ಗಳ ಹಾಸ್ಟೆಲಿಗೆ ಬಿಟ್ಟು ಬಂದರು. ಇಂಗ್ಲಿಷ್ ಅರ್ಧ ಬಂತು. ಜಾಗ ಪೂರಾ ಹೋಯಿತು.

ಇವತ್ತು ಮುಂಜಾನೆ ಅವಳು ಬರುವ ಮೊದಲು ಮಣೆಯನ್ನು ಎತ್ತಿ ಒಳಗೆ, ಕಪಾಟಿನ ಪಕ್ಕ ಇಟ್ಟೆ. ಮಹೆಕ ಬಂದಳು. "ಯಾಕ ಐಶು, ನನ್ನ ಕತ್ತಲಿಗ ಹಾಕೀ ಏನು?" ಎಂದು ನಕ್ಕು, ಮಣೆಯನ್ನು ಮತ್ತೆ ಬಾಗಿಲಿಗೆ ತಂದು ಕೂತಳು. ಅಪ್ಪ ಬೆಳ್ಳಿ ಮುಖದ ಮೇಲೆ ಬಟ್ಟೆ ಹೊದಿಸಿಟ್ಟಿದ್ದ. ಅವಳು ಆ ಕಡೆ ನೋಡಲೂ ಇಲ್ಲ.

ಊಟದ ಹೊತ್ತಿಗೆ ಅವ್ವ ನೆನಪು ಮಾಡಿದಳು: ಮುಖ ಒಯ್ಯಲು ಬರುವ ದಿನ ನಾನು ಮನೆಯಲ್ಲಿರಬೇಕು. ಹೊಳೆವ್ವನದು ಒಂದು ಶಾಸ್ತ್ರವಿದೆ. ಮಾಡಿದವನ ಮನೆಯ ಮದುವೆಯಾಗದ ಹೆಣ್ಣುಮಗಳನ್ನು ಎದುರಿಗೆ ಕೂರಿಸಿ ಪೂಜಾರಿ ಕೇಳುತ್ತಾನೆ, ಇದು ಯಾರ ಮುಖ ಎಂದು. 'ಹೊಳೆವ್ವನದು' ಅಂದರೆ ಒಯ್ಯುತ್ತಾರೆ. ಬದುಕಿರುವ ಯಾರದಾದರೂ ಮುಖ ಬಂದಿದ್ದರೆ ಅಲ್ಲೇ ಹೇಳಬೇಕು. ಆಗ ಅದನ್ನು ಕರಗಿಸಬೇಕು, ಇಲ್ಲವೇ ತಿದ್ದಬೇಕು; ಯಾವುದು ಎಂದು ಪೂಜಾರಿ ಹೇಳುತ್ತಾನೆ. ಹೀಗೇಕೆ ಎಂದು ಕೇಳಿದೆ. "ದೇವರ ಮುಖ ಇದ್ದ ಮನಶ್ಯಾನ್ನ ಮಂದಿ ನೆಟ್ಟಗ ಬದುಕಗೊಡಂಗಿಲ್ಲವಾ" ಎಂದಳು ಅವ್ವ. "ಕಾಲರೆ ಬೀಳ್ತಾರ, ಕಲ್ಲರೆ ಒಗಿತಾರ."

ಅಂದರೆ ಹೇಳಬೇಕಾದವಳು ನಾನೇ.

ಮಹೆಕಳ ನಿಖಾ ದಸರಾ ಆದ ಮೇಲೆ. ಹುಡುಗ ಜೇವರ್ಗಿಯವನು, ಅರ್ಬಾಜ. ಅವರ ಮನೆಯಲ್ಲಿ ಗೋಡೆಗೆ ಒಂದು ಫೋಟೋ ಕೂಡ ಇಲ್ಲ, ಅಷ್ಟು ನೇಮದವರು ಎಂದು ಪ್ಯಾರಿಬಿ ಖಾಲಾ ಹೆಮ್ಮೆಯಿಂದ ಹೇಳುತ್ತಾರೆ. ಅಂಥ ಮನೆಗೆ ಸೊಸೆಯಾಗಿ ಹೋಗುವವಳ ಮುಖ ಹೊಳೆ ದಂಡೆಯ ಗುಡಿಯಲ್ಲಿ ಕುಂಕುಮ ಹಚ್ಚಿಸಿಕೊಳ್ಳಲು ಹೊರಟಿತ್ತು ಎಂದು ಗೊತ್ತಾದರೆ ನಿಖಾ ಮುಗಿಯಿತು. ಗುಡಿಯವರೂ ಸುಮ್ಮನಿರುವುದಿಲ್ಲ. ಅಪ್ಪನನ್ನೂ ಬಿಡುವುದಿಲ್ಲ.

ಒಂದು ಮಾತು. ಅದು ನನ್ನ ಬಾಯಲ್ಲಿದೆ. ಇದನ್ನು ಬರೆಯುವಾಗ ನನಗೆ ಹೆದರಿಕೆಯಾಗಬೇಕಿತ್ತು. ಸ್ವಲ್ಪ ಖುಷಿಯಾಗುತ್ತಿದೆ.

ಸೆಪ್ಟೆಂಬರ್ 3, ಬುಧವಾರ, ಕಡಗಂಚಿ

ಕ್ಲಾಸಿನಲ್ಲಿ ಎಲ್ಲರೂ ಎದ್ದು ನಿಂತು ಇಂಗ್ಲಿಷಿನಲ್ಲಿ ತಮ್ಮ ಬಗ್ಗೆ ಹೇಳಬೇಕಿತ್ತು. 'ಮೈ ನೇಮ್ ಈಸ್ ಐಶ್ವರ್ಯಾ' ಆಯಿತು. 'ಐ ಆಮ್ ಫ್ರಮ್ ಅಫಜಲಪುರ' ಆಯಿತು. ಆಮೇಲೆ 'ಐ ಆಮ್' ಎಂದು ನಿಂತುಬಿಟ್ಟೆ. ಮುಂದಿನದು ಬರಲೇ ಇಲ್ಲ. ಮೇಡಂ ಕಾದರು. ಸಾರಿ ಎಂದು ಕೂತೆ. ಹಿಂದಿನ ಬೆಂಚಿನವರು ಯಾರೋ ನಕ್ಕರು. ನನಗಲ್ಲ ಎಂದುಕೊಂಡೆ. ನನಗೇ.

ಹಾಸ್ಟೆಲಿನಲ್ಲಿ ವಾರ್ಡನ್ ಸಿಸ್ಟರ್ ದಿನಾ ಮುಂಜಾನೆ ಸಾಲಾಗಿ ನಿಲ್ಲಿಸಿ ತಲೆ, ಉಗುರು ನೋಡುತ್ತಿದ್ದರು. ದೇವರು ಮನುಷ್ಯರನ್ನು ತನ್ನದೇ ಹೋಲಿಕೆಯಲ್ಲಿ ಮಾಡಿದ್ದಾನೆ, ದೇವರ ಹೋಲಿಕೆಯವರು ಹೀಗೆ ಎಣ್ಣೆ ಸೋರುವ ಜಡೆ ಹಾಕಿಕೊಂಡು ಬರುತ್ತಾರೇನು ಎಂದು ಗದರುತ್ತಿದ್ದರು. ಒಮ್ಮೆ ಕೇಳಿದ್ದೆ: ಎಲ್ಲರೂ ಒಬ್ಬನದೇ ಹೋಲಿಕೆ ಅಂದಮೇಲೆ ಒಬ್ಬರಂತೆ ಒಬ್ಬರು ಯಾಕಿಲ್ಲ? ಪ್ರಶ್ನೆ ಕಮ್ಮಿ ಮಾಡು, ಗಣಿತ ಜಾಸ್ತಿ ಮಾಡು ಎಂದರು.

ಈಗ ಉತ್ತರ ಗೊತ್ತಾಗಿದೆ. ಮಹೆಕಳನ್ನು ಒರಿಜಿನಲ್ ನೋಡಿ ಮಾಡಿದ್ದಾನೆ. ನನ್ನನ್ನು ಝೆರಾಕ್ಸ್ ನೋಡಿ ಮಾಡಿದ್ದಾನೆ.

ಸೆಪ್ಟೆಂಬರ್ 4

ಅಪ್ಪನಿಗೆ ಗೊತ್ತಾಗದಂತೆ ಬೆಳ್ಳಿ ಮುಖದ ಫೋಟೋ ತೆಗೆದಿದ್ದೆ. ಇವತ್ತು ಅದನ್ನೂ ರಮಜಾನಿನಲ್ಲಿ ತೆಗೆದ ಮಹೆಕಳ ಫೋಟೋವನ್ನೂ ಫೋನಿನಲ್ಲಿ ಜೋಡಿಸಿದೆ. ರೂಮಿನಲ್ಲಿ ಯಾರೂ ಇರಲಿಲ್ಲ. ತುಂಬಾ ಹೊತ್ತು ನೋಡಿದೆ. ಮೂರನೆಯದಾಗಿ ನನ್ನ ಫೋಟೋ ಜೋಡಿಸಿ ತಕ್ಷಣ ಕ್ಲೋಸ್ ಮಾಡಿದೆ.

ಸೆಪ್ಟೆಂಬರ್ 7, ರವಿವಾರ, ಮನೆ

ಇವತ್ತು ಕೇಳಿಯೇಬಿಟ್ಟೆ. ಅಪ್ಪ ಕಿರೀಟಕ್ಕೆ ಎಲೆ ಕೊರೆಯುತ್ತಿದ್ದ. ಮಹೆಕ ಊಟಕ್ಕೆ ಹೋಗಿದ್ದಳು. ಯಾರನ್ನು ನೋಡಿ ಮಾಡಿದಿ ಎಂದೆ. ಯಾರನ್ನೂ ನೋಡಿಲ್ಲ, ದೇವರ ಮುಖ ನೋಡಿ ಮಾಡುವಂಥದ್ದಲ್ಲ, ಕೈ ತಾನೇ ಮಾಡುತ್ತದೆ ಎಂದ. ಕೈಗೆ ಹೇಗೆ ಗೊತ್ತಾಗುತ್ತದೆ ಎಂದೆ. ನಿಮ್ಮ ಕಾಲೇಜಿನಾಗ ಇದನ್ನೇ ಕಲಸ್ತಾರೇನು ಎಂದು ನಕ್ಕ.

ಆಗ ನಾನು ಅವನ ಹಿಂದೆ ಹೋಗಿ ಎರಡೂ ಕೈಯಿಂದ ಅವನ ಕಣ್ಣು ಮುಚ್ಚಿದೆ. ಸಣ್ಣವಳಿದ್ದಾಗ ಹಾಗೆ ಮಾಡುತ್ತಿದ್ದೆ. "ಹೇಳು, ನನ್ನ ಹುಬ್ಬಿನ ಗಾಯದ ಗುರ್ತು ಯಾವ ಕಡಿ ಅದ?"

"ಎಡಕ್ಕ."

ಬಲಕ್ಕಿದೆ. ಎಂಟನೇ ಕ್ಲಾಸಿನಲ್ಲಿ ಹಾಸ್ಟೆಲಿನ ಬಾವಿಕಟ್ಟೆಯ ಮೇಲೆ ಬಿದ್ದಿದ್ದು. ಕೈ ತೆಗೆದೆ. ಅವನು ತಿರುಗಿ ನೋಡಿ ಪೆಚ್ಚಾದ. "ನೀ ಹೋಗುಮುಂದ ಹತ್ತು ವರ್ಷದಾಕಿ ಇದ್ದಿ. ನನಗ ಆ ಮುಖಾನೇ ನೆನಪದ ನೋಡು" ಎಂದ. ಪಾಪ ಎನಿಸಬೇಕಿತ್ತು. ಆ ಹತ್ತು ವರ್ಷದ ಹುಡುಗಿಯ ಮೇಲೂ ಹೊಟ್ಟೆಕಿಚ್ಚಾಯಿತು.

ಮಹೆಕಳ ಗಾಯ ಯಾವ ಕಡೆ ಎಂದು ಕೇಳಿದ್ದರೆ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ. ಅವಳಿಗೆ ಗಾಯವೇ ಇಲ್ಲ ಅನ್ನುವುದು ಬೇರೆ ಮಾತು.

ಸೆಪ್ಟೆಂಬರ್ 10, ಕಡಗಂಚಿ

ಮೆಸ್ಸಿನಲ್ಲಿ ಫಿಲಾಸಫಿಯ ಒಬ್ಬ ಸೀನಿಯರನ್ನು ಕೇಳಿದೆ. ದೇವರ ಹೋಲಿಕೆ ಅಂದರೆ ಮುಖದ್ದಲ್ಲ, ಬುದ್ಧಿಯದು ಎಂದು ತುಂಬಾ ಜನ ಹೇಳಿದ್ದಾರಂತೆ. ಯೋಚಿಸುವುದು, ಆರಿಸಿಕೊಳ್ಳುವುದು, ಇಂಥದ್ದು. ಹಾಗಾದರೆ ನಾನೇ ಮುಂದೆ. ಪಿಯುಸಿಯಲ್ಲಿ ನನಗೆ ಡಿಸ್ಟಿಂಕ್ಷನ್, ಮಹೆಕ ಹತ್ತನೆಯದಕ್ಕೇ ಬಿಟ್ಟವಳು. ಐದು ನಿಮಿಷ ಸಮಾಧಾನವಾಯಿತು. ಆಮೇಲೆ, ಬುದ್ಧಿಯನ್ನು ಬೆಳ್ಳಿಯಲ್ಲಿ ಬಡಿದು ಗುಡಿಯಲ್ಲಿ ಇಡುವುದಿಲ್ಲವಲ್ಲ ಎನಿಸಿ ಎಲ್ಲ ಹೋಯಿತು.

ಸೆಪ್ಟೆಂಬರ್ 14, ರವಿವಾರ, ಮನೆ

ಮಧ್ಯಾಹ್ನ ಮಹೆಕ ಮಾಳಿಗೆಗೆ ಕರೆದಳು. ಅವಳ ಅಮ್ಮಿ ಶಾವಿಗೆ ಒಣಗಲು ಹಾಕಿದ್ದರು, ಕಾಗೆ ಕಾಯಬೇಕಿತ್ತು. ಸಣ್ಣವರಿದ್ದಾಗಲೂ ನಾವಿಬ್ಬರೇ ಕಾಯುತ್ತಿದ್ದೆವು, ಕಾಗೆಗಿಂತ ಹೆಚ್ಚು ನಾವೇ ತಿನ್ನುತ್ತಿದ್ದೆವು.

ಜೇವರ್ಗಿಯವರು ನೋಡಲು ಬಂದಿದ್ದರ ಕಥೆ ಹೇಳಿದಳು. ಹುಡುಗ ಬರಲಿಲ್ಲ. ಫೋಟೋ ಕೂಡ ಕೇಳಲಿಲ್ಲ. ಅವನ ತಾಯಿ ನಜಮುನ್ನಿಸಾ ಬಂದು, ಇವಳ ಗದ್ದ ಹಿಡಿದು ಕಿಟಕಿಯ ಕಡೆ ತಿರುಗಿಸಿ, ಮತ್ತೊಂದು ಕಡೆ ತಿರುಗಿಸಿ, ಬಾಯಿ ತೆರೆ ಎಂದು ಹಲ್ಲು ಕೂಡ ನೋಡಿದರಂತೆ. "ಎಮ್ಮಿ ತಗೊಳ್ಳಾಕ ಬಂದಂಗ" ಎಂದು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. "ಈ ಸೂರತ್, ಈ ಮಾರಿ ಮಾಡಿದಾಂವ ಅಲ್ಲಾ. ನನ್ನೇನ್ ನೋಡ್ತೀರಿ, ಅವನ ಕೆಲಸ ನೋಡ್ಕೊಂಡ್ ಹೋಗ್ರಿ ಅಂತ ಕುಂತಿದ್ದೆ ಐಶು. ಓಡ್ನಿ ಮಾತ್ರ ಗಟ್ಟಿ ಹಿಡ್ಕೊಂಡಿದ್ದೆ."

ಅವಳಿಗೆ ಈ ಮದುವೆ ಬೇಡವಾ ಎಂದು ಕೇಳಿದೆ. ಬೇಕು ಎಂದಳು. ಬೇರೆ ಊರು ನೋಡಬೇಕಂತೆ. ನೀನು ಬಸ್ಸಿನಲ್ಲಿ ಒಬ್ಬಳೇ ಬರುತ್ತೀ, ಕಿಟಕಿ ಪಕ್ಕ ಕೂರುತ್ತೀ, ಟಿಕೆಟ್ ನೀನೇ ಕೇಳುತ್ತೀ, ನನಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ ಎಂದಳು. ಎಷ್ಟು ಸುಲಭವಾಗಿ ಹೇಳಿಬಿಟ್ಟಳು. ನಾನು ಇಷ್ಟು ಪುಟ ತುಂಬಿಸಿದೆ.

ಆಮೇಲೆ ಹೊಳೆವ್ವನ ಮೂಗುತಿಗೆ ಮುತ್ತು ಪೋಣಿಸಿದ್ದು ತಾನೇ ಎಂದಳು. ಮುಖ ನೋಡಿದ್ದೀಯಾ ಎಂದೆ. ಇಲ್ಲ, ಕಾಕಾ ಮುಚ್ಚಿಟ್ಟಿರುತ್ತಾರೆ, ಅಮ್ಮಿಯೂ ನೋಡಬೇಡ ಎಂದಿದ್ದಾರೆ ಎಂದಳು. "ಹ್ಯಾಂಗದ? ನಿನ್ನಂಗೇ ಇರ್ತದ ಬಿಡು. ಕಾಕಾ ಮಗಳನ್ನ ಬಿಟ್ಟು ಯಾರ್ದ ಮಾಡ್ತಾರ?"

ಆಗಲೇ ಹೇಳಿಬಿಡುತ್ತಿದ್ದೆ. ಫೋನ್ ಕೈಯಲ್ಲೇ ಇತ್ತು, ಜೋಡಿಸಿದ ಫೋಟೋ ಅದರಲ್ಲೇ ಇತ್ತು. ತೋರಿಸಿದ್ದರೆ ಅವಳ ಮುಖ ಹೇಗಾಗುತ್ತಿತ್ತು ಎಂದು ನೋಡುವ ಆಸೆಯಾಯಿತು. ಕಾಗೆ ಬಂತು. ಓಡಿಸಲು ಎದ್ದೆ.

ಸೆಪ್ಟೆಂಬರ್ 17

ಏನೂ ಇಲ್ಲ. ಟೆಸ್ಟ್ ಚೆನ್ನಾಗಿ ಆಗಲಿಲ್ಲ. ಫೋನಿನಲ್ಲಿ ಸ್ಪೇಸ್ ಸಾಲದು ಎಂದು ಒಂದಷ್ಟು ಫೋಟೋ ಡಿಲೀಟ್ ಮಾಡಿದೆ. ಅದನ್ನೂ.

ಸೆಪ್ಟೆಂಬರ್ 20, ಶನಿವಾರ, ಮನೆ

ಬರೆಯಬೇಕು.

ಹೊಳೆವ್ವನ ಊರಿನವರು ಟೆಂಪೋ ಮಾಡಿಕೊಂಡು ಬಂದರು. ಪೂಜಾರಿ ಅಮೋಘಸಿದ್ದ, ಹೆಗಲ ಮೇಲೆ ಕಂಬಳಿ. ಅವನ ಜೊತೆ ನಾಲ್ಕೈದು ಗಂಡಸರು. ಹಿಂದಿನ ಮುಖ ಮಾಡಿಸಿದಾಗಲೂ ಬಂದಿದ್ದ ನಿಂಬೆವ್ವ ಎನ್ನುವ ಮುದುಕಿ, ಬೆನ್ನು ಬಾಗಿದ್ದರೂ ಕಣ್ಣು ಚುರುಕು. ಬಿಸಿಲಿಗೆ ದಣಿದಿದ್ದಳು. ಬಾಗಿಲಲ್ಲಿ ಕೂತಿದ್ದ ಮಹೆಕಳೇ ಎದ್ದು ನೀರು ಕೊಟ್ಟಳು. ಮುದುಕಿ ಗುಟುಕು ಗುಟುಕಾಗಿ ಕುಡಿದು, ತಂಬಿಗೆ ವಾಪಸ್ ಕೊಡುತ್ತಾ ಅವಳಿಗೆ ದೃಷ್ಟಿ ತೆಗೆದು ನೆಟಿಗೆ ಮುರಿದಳು. ಅದೆಲ್ಲ ನಾನು ಒಳಗಿನಿಂದ ನೋಡುತ್ತಿದ್ದೆ. ಮಹೆಕ ದಾರ, ಮಣಿ ಎತ್ತಿಕೊಂಡು ತಮ್ಮ ಮನೆ ಕಟ್ಟೆಗೆ ಹೋಗಿ ಕೂತಳು. ಅಂಗಡಿಯಿಂದ ಕಾಣುವಷ್ಟೇ ದೂರ.

ನನ್ನನ್ನು ಸ್ನಾನ ಮಾಡಿಸಿ, ಹೊಸ ಸೀರೆ ಉಡಿಸಿ ಕೂರಿಸಿದ್ದರು. ಅಪ್ಪ ಬಟ್ಟೆ ತೆಗೆದ. ಮೆರುಗು ಕೊಟ್ಟ ಮೇಲೆ ನಾನೂ ನೋಡಿರಲಿಲ್ಲ. ಅಂಗಡಿಯ ಬೆಳಕೆಲ್ಲ ಅದರ ಕೆನ್ನೆಯ ಮೇಲೆ ಬಂತು. ಗಂಡಸರು ಕೈ ಮುಗಿದರು. ಅಷ್ಟು ಚಂದವಿತ್ತು.

"ತಂಗೀ, ಇದು ಯಾರ ಮುಖ?" ಎಂದ ಅಮೋಘಸಿದ್ದ.

ಏನು ಹೇಳಬೇಕೆಂದು ನಿರ್ಧಾರ ಮಾಡಿಕೊಂಡಿದ್ದೆನಾ? ಇಲ್ಲ. ಬಸ್ಸಿನ ದಾರಿಯುದ್ದಕ್ಕೂ ಯೋಚಿಸಿದರೂ ಮಾಡಿಕೊಂಡಿರಲಿಲ್ಲ. ಅಷ್ಟರಲ್ಲಿ ನಿಂಬೆವ್ವ ಮುಂದೆ ಬಾಗಿದಳು.

"ತಡೀಪಾ. ಈ ಮಾರಿ ನಾ ಎಲ್ಲೋ ನೋಡೀನಿ."

ಎಲ್ಲರೂ ಅವಳನ್ನು ನೋಡಿದರು. ಅವಳು ಬೆಳ್ಳಿಯನ್ನೇ ನೋಡುತ್ತಿದ್ದಳು. "ಭಾಳ್ ದಿನಾ ಆಗಿಲ್ಲ. ಇವತ್ತೇ ನೋಡೀನಿ." ಎಂದು ಮೆಲ್ಲಗೆ ಬಾಗಿಲ ಕಡೆ ತಿರುಗತೊಡಗಿದಳು. ಆಚೆ ಕಟ್ಟೆಯ ಮೇಲೆ ಮಹೆಕ ತಲೆ ಬಗ್ಗಿಸಿ ಪೋಣಿಸುತ್ತಿದ್ದಳು. ಪಕ್ಕದಲ್ಲಿ ಪ್ಯಾರಿಬಿ ಖಾಲಾ.

"ನನ್ನ ಮಾರೀನೇ ಅದ ಆಯಿ" ಎಂದೆ.

ಮುದುಕಿ ನನ್ನ ಕಡೆ ತಿರುಗಿದಳು. "ನಿಂದಾ?"

"ಹೌದ್ರಿ. ನನ್ನ ನೋಡೇ ಮಾಡ್ಯಾನ ಅಪ್ಪ."

ಅವಳು ನನ್ನ ಗದ್ದ ಹಿಡಿದು ಬೆಳಕಿಗೆ ಎಳೆದಳು. ಬೆರಳು ಒರಟಾಗಿತ್ತು. ಬೆಳ್ಳಿ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಬೆಳ್ಳಿ. ಈಗ ನಗುತ್ತಾಳೆ ಎಂದುಕೊಂಡೆ. ಎಲ್ಲರೂ ನಗುತ್ತಾರೆ, ಹಿಂದಿನ ಬೆಂಚಿನವರಂತೆ. "ಹೌದಲ್ಲ ಮತ್ತ" ಎಂದಳು ನಿಂಬೆವ್ವ. "ಗದ್ದ ನೋಡ್ರಿ, ಅಂಥಾದ್ದೇ ಅದ." ಗಂಡಸರೂ ಬಗ್ಗಿ ನೋಡಿದರು. ತುಟಿ ಅಂದ ಒಬ್ಬ. ಇನ್ನೊಬ್ಬ ಮೂಗು ಕೂಡ ಅಂದ. ನನ್ನ ಮೂಗು ಯಾವ ಕೋನದಿಂದಲೂ ಹಾಗಿಲ್ಲ.

ಅಪ್ಪ ನನ್ನನ್ನೇ ನೋಡುತ್ತಿದ್ದ, ಗೊತ್ತಿಲ್ಲದ ಗಿರಾಕಿಯನ್ನು ನೋಡುವಂತೆ.

ಅಮೋಘಸಿದ್ದ ಕಂಬಳಿ ಸರಿ ಮಾಡಿಕೊಂಡ. "ಹೆತ್ತ ಮಗಳ ಮಾರಿ ಕೈಯಾಗ ಬರೂದು ತಪ್ಪಲ್ಲ, ಪತ್ತಾರ್ರ. ಕರಗಸೂದು ಬ್ಯಾಡ. ಈಕೀನ ಅದರಾಗಿಂದ ತಗದು ಕೊಡ್ರಿ. ನಾಳಿ ಸಂಜಿಗಿ ಬರ್ತೇವಿ."

ಅವರು ಹೋದ ಮೇಲೆ ಅವ್ವ, ಮಗಳು ದೊಡ್ಡ ದೇವಿ ಆಗಿಬಿಟ್ಟಳು ನೋಡಿ, ಮುಸುರೆ ತಿಕ್ಕು ಎಂದರೆ ಮಾತ್ರ ಕೈ ನೋಯುತ್ತವೆ ಎಂದು ಗೊಣಗಿದಳು. ಆದರೆ ರಾತ್ರಿ ಊಟಕ್ಕೆ ತುಪ್ಪ ಹೆಚ್ಚು ಹಾಕಿದಳು.

ಒಂದು ವಿಷಯ ಸ್ಪಷ್ಟವಾಗಿ ಬರೆದಿಡುತ್ತೇನೆ. ಮಹೆಕಳಿಗಾಗಿ ನಾನು ಹಾಗೆ ಹೇಳಲಿಲ್ಲ. ಆ ಮುಖ ನನಗೆ ಬೇಕಿತ್ತು, ತೆಗೆದುಕೊಂಡೆ. ಅಷ್ಟೇ.

ಸೆಪ್ಟೆಂಬರ್ 21, ರವಿವಾರ, ಅಮಾವಾಸ್ಯೆ

ಅಪ್ಪ ಮುಂಜಾನೆಯೇ ಅಂಗಡಿ ತೆರೆದ. ನನ್ನನ್ನೂ ಕರೆದ. ಮಹೆಕ ಬಂದಿರಲಿಲ್ಲ, ಮೆಹೆಂದಿ ಸೊಪ್ಪು ತರಲು ಹೊಲಕ್ಕೆ ಹೋಗಿದ್ದಳಂತೆ. ಬಾಗಿಲಲ್ಲಿ ಮಣೆ ಖಾಲಿ ಇತ್ತು.

ಅವನು ಬೆಳ್ಳಿ ಮುಖವನ್ನು ತೊಡೆಯ ಮೇಲಿಟ್ಟುಕೊಂಡು ಹುಬ್ಬು, ಗದ್ದಗಳ ಮೇಲೆ ಬೆರಳಾಡಿಸಿ ನೋಡುತ್ತಿದ್ದ. ಚಹಾ ಆರಿಹೋಯಿತು. ಆಮೇಲೆ ಕೇಳಿದ.

"ಇದರಾಗ ನೀ ಎಲ್ಲಿದ್ದೀ ಬೇ?"

ಆರಿದ ಚಹಾದ ಲೋಟ ಎತ್ತಿ ಪಕ್ಕಕ್ಕಿಟ್ಟೆ.

"ಹುಬ್ಬು ನಿಂದಲ್ಲ. ಗದ್ದ ನಿಂದಲ್ಲ. ನಿನ್ನ ತಗೀ ಅಂದ್ರ ಎಲ್ಲಿಂದ ತಗೀಲಿ?"

ನನ್ನ ಕಣ್ಣು ಖಾಲಿ ಮಣೆಯ ಕಡೆ ಹೋಯಿತು. ಬೇಕಂತ ಅಲ್ಲ. ಅಪ್ಪ ನನ್ನ ಕಣ್ಣು ಹೋದ ಕಡೆ ನೋಡಿದ. ಬೆಳ್ಳಿ ನೋಡಿದ. ಮತ್ತೆ ಮಣೆ ನೋಡಿದ. ಎದ್ದು ಹೋಗಿ ಬಾಗಿಲ ಒಂದು ಕದ ಮುಚ್ಚಿ ಬಂದು ಕೂತ.

"ನಾ ಬೇಕಂತ ಮಾಡಿಲ್ಲ" ಎಂದ, ದನಿ ಸಣ್ಣದು ಮಾಡಿ.

"ಗೊತ್ತದ."

"ನಿಂದೇ ಮಾಡೂನು ಅಂದ್ರೂ ನಿನ್ನ ಮಾರಿ ನನ್ನ ಕೈಗಿ ಬರಂಗಿಲ್ಲ, ಐಶು." ಒಂದು ಸಾಮಾನು ಸಂದೂಕಿನಲ್ಲಿ ಇಲ್ಲ ಎಂದು ಗಿರಾಕಿಗೆ ಹೇಳುವಂತೆ ಹೇಳಿದ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಹಂಗಾದ್ರ ಈಗ ನೋಡು" ಎಂದೆ.

ಅಪ್ಪ ಅರಗು ಕಾಸಿದ. ತಗಡನ್ನು ಮತ್ತೆ ಬೋರಲಾಗಿ ಕೂರಿಸಿದ. ನನ್ನನ್ನು ಮಣೆಯ ಮೇಲೆ, ಬೆಳಕಿನಲ್ಲಿ ಕೂರಿಸಿದ. ನೋಡತೊಡಗಿದ.

ಯಾರೂ ನನ್ನನ್ನು ಹಾಗೆ ನೋಡಿಲ್ಲ. ಮೊದಲು ಏನೋ ತಪ್ಪು ಮಾಡಿದ್ದೇನೆ ಎನಿಸಿತು. ಉಗುರು ಕೊಳೆಯಾಗಿದೆಯಾ, ಜಡೆ ಸರಿ ಇದೆಯಾ ಎಂದು. ಸಾರಿ ಅನ್ನಲು ಬಾಯಿ ತೆರೆದೆ. "ತುಟಿ ಅಲಗಿಸಬ್ಯಾಡ" ಎಂದ. ಒಂದು ಪೆಟ್ಟು ಹಾಕುವುದು, ತಲೆ ಎತ್ತುವುದು. ಒಂದು ಪೆಟ್ಟು, ತಲೆ ಎತ್ತುವುದು. ಬಜಾರಿನಲ್ಲಿ ಯಾರೋ ಜೋಳದ ಮೂಟೆ ಇಳಿಸುತ್ತಿದ್ದರು. ನನ್ನ ಕಾಲು ಜೋಮು ಹಿಡಿಯಿತು, ಎಬ್ಬಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನಗೆ ನನ್ನ ಮುಖದ ನೆನಪೇ ಹೋಯಿತು. ಅಪ್ಪನ ಮುಖ ಮಾತ್ರ ಇತ್ತು. ಅವನ ರೆಪ್ಪೆಯ ಕೂದಲು ಬೆಳ್ಳಗಾಗಿದೆ. ಕೆಂಡದ ಕಿಡಿ ಹಾರಿ ಕೆನ್ನೆಯ ಮೇಲೆ ಸಣ್ಣ ಸಣ್ಣ ಕಲೆಗಳಿವೆ. ಯಾವ ಕಡೆ ಹೆಚ್ಚು ಎಂದು ನನ್ನನ್ನು ಯಾರಾದರೂ ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

"ಕಿವಿ ಥೇಟ್ ನಮ್ಮವ್ವನ್ನವೇ ಅವ ನಿನ್ನವು" ಎಂದ ಒಮ್ಮೆ. "ನೋಡೇ ಇದ್ದಿಲ್ಲ."

ಬಿಡಿಸಿ ತಿರುಗಿಸಿದಾಗ ಹುಬ್ಬು ಬೇರೆಯಾಗಿತ್ತು. ಗದ್ದ ಚಿಕ್ಕದಾಗಿತ್ತು, ಕೆನ್ನೆ ಸ್ವಲ್ಪ ಒಳಗೆ ಹೋಗಿತ್ತು. ಮಹೆಕ ಅಲ್ಲ. ನಾನು ಎನ್ನಲೂ ಆಗದು. ಆದರೆ ಹುಬ್ಬಿನ ಹತ್ತಿರ ಏನೋ ಇತ್ತು, ಹೆದರಿದಂತೆ, ಬೇಡಿಕೊಳ್ಳಲು ಬಂದವರ ಮಾತನ್ನು ತಲೆ ಓರೆ ಮಾಡಿ ಕೇಳುವಂತೆ. ನನ್ನನ್ನು ತೆಗೆಯಲು ಕೂತವನು ಏನು ಹಾಕಿದ ಎಂದು ಅವನೇ ಹೇಳಬೇಕು. ಕೇಳಲಿಲ್ಲ. ದೇವರು ತನ್ನ ಹೋಲಿಕೆಯಲ್ಲಿ ಮಾಡಿದ ಎಂದರೆ ಹೀಗೇ ಇರಬಹುದಾ, ಹೀಗೆ ಎದುರಿಗೆ ಕೂತು ಅಷ್ಟು ಹೊತ್ತು ನೋಡುವುದು? ಸಿಸ್ಟರ್ ಇದನ್ನು ಹೇಳಿರಲಿಲ್ಲ. ಎಕ್ಸಾಮಿಗೂ ಬರುವುದಿಲ್ಲ.

ಸಂಜೆ ಅವರು ಬಂದರು. ಯಾರ ಮುಖ ಎಂದು ಅಮೋಘಸಿದ್ದ ಮತ್ತೆ ಕೇಳಿದ. ಹೊಳೆವ್ವನದು ಎಂದೆ. ನಿಂಬೆವ್ವ ನೋಡಿ, ಈಗ ಸರಿ ಹೋಯಿತು, ಯಾರಂತೆಯೂ ಇಲ್ಲ ಎಂದಳು. ಕೆಂಪು ಬಟ್ಟೆಯಲ್ಲಿ ಸುತ್ತಿ ಒಯ್ದರು.

ಖುಷಿಯಾಗಬೇಕಿತ್ತು. ಸ್ವಲ್ಪ ಆಯಿತು ಕೂಡ. ಆದರೆ ಟೆಂಪೋ ಹೋದ ಮೇಲೆ ಮಹೆಕ ಮೆಹೆಂದಿ ಸೊಪ್ಪಿನ ಗಂಟು ಹೊತ್ತು ಬಂದಳು. ಅವಳ ಮುಖ ನೋಡಿ ಏನನ್ನೋ ಕದ್ದವಳಂತೆ ನಿಂತೆ. ಮೊದಲಿನದು ನಿಜವಾಗಿ ಹೆಚ್ಚು ಚಂದವಿತ್ತು. ಅದು ಹೋಯಿತು. ಅದನ್ನು ಸರಿಯಾಗಿ ನೋಡಿದವಳು ನಾನೊಬ್ಬಳೇ.

ಅಕ್ಟೋಬರ್ 5, ರವಿವಾರ

ನಿಖಾ ಆಯಿತು. ಹೂವಿನ ಪರದೆಯ ಹಿಂದೆ ಅವಳ ಗದ್ದ ಮಾತ್ರ ಕಂಡಿತು. ಬೀಳ್ಕೊಡುವಾಗ ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಾರಿನಲ್ಲಿ ಕಿಟಕಿ ಪಕ್ಕವೇ ಕೂತಳು. ಅಪ್ಪ ಅಂಗಡಿಗೆ ಬಂದು ಮಣೆಯನ್ನು ಎತ್ತಿ ಎಲ್ಲಿಡಬೇಕು ಎಂದು ತಿಳಿಯದೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತಿದ್ದ.

ಅದನ್ನು ನೋಡಿಯೂ ಹೊಟ್ಟೆ ಉರಿಯಿತು. ಬರೆದಿಡಬೇಕಲ್ಲ, ಬರೆದಿದ್ದೇನೆ.

ಅಕ್ಟೋಬರ್ 9, ಕಡಗಂಚಿ

ಒಂದು ವಿಚಿತ್ರ ನಡೆಯುತ್ತಿದೆ. ಕ್ಲಾಸಿನಲ್ಲಿ ಕೂತು ಮಹೆಕಳ ಮುಖವನ್ನು ನೆನಪು ಮಾಡಿಕೊಳ್ಳಲು ನೋಡುತ್ತೇನೆ, ಬರುವುದಿಲ್ಲ. ಬೆಳ್ಳಿ ಬರುತ್ತದೆ. ಅದೂ ತಿದ್ದಿದ್ದು. ತುಟಿ ಬರುತ್ತದೆ, ಆಮೇಲೆ ನನ್ನ ಹುಬ್ಬು ಬಂದು ಕೂರುತ್ತದೆ. ಫೋನಿನಲ್ಲಿದ್ದ ಅವಳ ಒಂದೇ ಫೋಟೋವನ್ನು ಆವತ್ತು ಬೆಳ್ಳಿ ಮುಖದ ಫೋಟೋ ಜೊತೆಗೇ ಡಿಲೀಟ್ ಮಾಡಿಬಿಟ್ಟಿದ್ದೆ.

ಹೊಸ ಮನೆ, ಫೋಟೋ ಇಡದ ಮನೆ. ಕೇಳುವುದು ತಪ್ಪೇನೋ ಎಂದು ಮಧ್ಯಾಹ್ನದಿಂದ ಟೈಪ್ ಮಾಡಿ ಅಳಿಸಿ ಮಾಡುತ್ತಿದ್ದೆ. 'ಸಾರಿ' ಎಂದು ಶುರು ಮಾಡಿದ್ದೆ, ಅದನ್ನೂ ತೆಗೆದೆ. ಈಗ ಕಳಿಸಿದೆ. ಕಳಿಸಿದ್ದನ್ನೇ ಇಲ್ಲಿ ಬರೆಯುತ್ತೇನೆ:

ಮಹೆಕ, ಆರಾಮ ಇದ್ದೀಯಾ? ನಿನ್ನ ಮಾರಿ ನೆನಪಿಗಿ ಬರವಲ್ದು. ಅಲ್ಲಿ ಯಾರಿಗೂ ತ್ರಾಸ ಆಗಂಗಿಲ್ಲ ಅಂದ್ರ ಒಂದು ಫೋಟೋ ಕಳಸು. ನಾನು ಬೇರೆ ಯಾರಿಗೂ ತೋರಸಂಗಿಲ್ಲ. ಫೋಟೋ ಆಗಂಗಿಲ್ಲ ಅಂದ್ರ ಯಾವಾಗ ಬರ್ಲಿ ಹೇಳು, ಜೇವರ್ಗಿಗಿ ನಾನೇ ಬಸ್ ಹತ್ತಿ ಬರ್ತೇನಿ, ನೋಡಿ ಹೋಗ್ತೇನಿ. ಲಗೂ ರಿಪ್ಲೈ ಮಾಡು.